ಡ್ರಾಯರಿನಲ್ಲಿ ಉಳಿದ ತಿದ್ದುಪಡಿ ಚೀಟಿ

ಪುಸ್ತಕದಲ್ಲಿ ಯಾರಾದರೂ ಗೀಚಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ನರ್ಸಿಂಗ್ ಶಾಲೆಯೊಂದರ ಗ್ರಂಥಾಲಯ ನನ್ನ ಕೈಯಲ್ಲಿತ್ತು. ಗೀಚಿದವಳನ್ನು ಎದುರಿಗೆ ನಿಲ್ಲಿಸಿಕೊಂಡು, ಕೈಗೆ ರಬ್ಬರು ಕೊಟ್ಟು, ಪೂರ್ತಿ ಅಳಿಸುವ ತನಕ ಬಿಡುತ್ತಿರಲಿಲ್ಲ. ಹುಡುಗಿಯರು ನನ್ನ ಬೆನ್ನ ಹಿಂದೆ ಏನೆಂದು ಬೈಯುತ್ತಿದ್ದರೋ, ಶಿವನೇ ಬಲ್ಲ.

ಅಂಥ ನಾನು, ಪ್ರಕಾಶಕರು ಕಳಿಸಿದ ತಿದ್ದುಪಡಿ ಚೀಟಿಗಳನ್ನು ‘ನಾಳೆ ಅಂಟಿಸಿದರಾಯಿತು’ ಎಂದು ಡ್ರಾಯರಿಗೆ ತುರುಕಿ ಹದಿನೈದು ದಿನ ಮರೆತಿದ್ದೆ. ನೆನಪಾಗಿ ತೆಗೆದು ಓದಿದೆ. ಔಷಧಿಗಳ ಪುಸ್ತಕದಲ್ಲಿ ದಶಾಂಶದ ಚುಕ್ಕೆಯೊಂದು ಬಿಟ್ಟುಹೋಗಿ, ಮಕ್ಕಳಿಗೆ ಕೊಡುವ ಔಷಧಿಯ ಅಳತೆ ಹತ್ತು ಪಟ್ಟು ಅಚ್ಚಾಗಿತ್ತು! ಕಪಾಟಿನಲ್ಲಿದ್ದ ಪ್ರತಿಗಳಿಗೆಲ್ಲ ಚೀಟಿ ಅಂಟಿಸಿದೆ. ಒಂದು ಪ್ರತಿ ಮಾತ್ರ ತರಬೇತಿಗೆಂದು ಸಿರುಗುಪ್ಪದ ಆಸ್ಪತ್ರೆಗೆ ಹೋದ ವಿದ್ಯಾರ್ಥಿನಿಯ ಬಳಿ ಇತ್ತು. ಅಲ್ಲಿಗೆ ಫೋನು ಹತ್ತಲಿಲ್ಲ. ಚೀಟಿಯನ್ನೂ ಗೋಂದಿನ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ಸಿಕ್ಕಿದ್ದು ಕುರುಗೋಡು ಸುತ್ತಿ ಹೋಗುವ ಬಸ್ಸು. ಕುರುಗೋಡಿನಲ್ಲಿ ಚಹಾಕ್ಕೆಂದು ಇಳಿದ ಡ್ರೈವರು ಬೇಗ ಬರಲೇ ಇಲ್ಲ. ಕೂತಲ್ಲಿ ಕೂರಲಾಗದೆ ಕಂಡಕ್ಟರನ ಮೇಲೆ ಹರಿಹಾಯ್ದೆ.

“ಲಗೂನ ಬಿಡ್ರಿ, ಕೂಸುಗಳ ಜೀವದ ಪ್ರಶ್ನಿ ಐತಿ!”

“ಅಕ್ಕಾರ, ನೀವು ಗಡಿಬಿಡಿ ಮಾಡಿದ್ರ ಚಾ ಆರತೈತೇನ್ರಿ?” ಎಂದು ನಕ್ಕ.

ಅವನ ಬಾಯಾಗ ಮಣ್ಣು ಬೀಳಲಿ ಎಂದುಕೊಂಡೆ. ಡ್ರೈವರು ಹತ್ತು ನಿಮಿಷ ತಡ ಮಾಡಿದ್ದ. ನಾನು ಹದಿನೈದು ದಿನ.

ಸಿರುಗುಪ್ಪದಲ್ಲಿ ಮಕ್ಕಳ ವಾರ್ಡಿಗೆ ಬೆವರುತ್ತ ನುಗ್ಗಿದೆ. ನನ್ನನ್ನು ಕಂಡದ್ದೇ ತಡ, ಆ ಹುಡುಗಿ ಮೇಜಿನ ಮೇಲಿದ್ದ ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಕಸಿದುಕೊಂಡು ಆ ಪುಟ ತೆರೆದೆ. ಅಚ್ಚಾಗಿದ್ದ ಅಳತೆಯ ಮೇಲೆ ಪೆನ್ಸಿಲ್ಲಿನ ದಪ್ಪ ಗೆರೆ. ಪಕ್ಕದಲ್ಲೇ ಸರಿಯಾದ ಅಂಕಿ.

“ತಪ್ಪಾತ್ರಿ ಮೇಡಂ,” ಎಂದಳು. “ಅಳತಿ ಯಾಕೋ ಜಾಸ್ತಿ ಅನ್ನಿಸ್ತು. ಡಾಕ್ಟರನ್ನ ಕೇಳಿ ತಿದ್ದೀನ್ರಿ. ಯಾವ ಕೂಸಿಗೂ ಕೊಟ್ಟಿಲ್ರಿ. ಇದರ ಸಲುವಾಗಿ ಬಳ್ಳಾರಿಯಿಂದ ಬಂದ್ರೇನ್ರಿ? ಈಗಿಂದೀಗ ಅಳಸ್ತೀನ್ರಿ.”

ಜೇಬಿನಿಂದ ರಬ್ಬರು ತೆಗೆದೇ ಬಿಟ್ಟಳು. ಹಿಂದೊಮ್ಮೆ ನಾನೇ ಬೈದು ಕೊಟ್ಟಿದ್ದ ರಬ್ಬರು ಅದು. ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

“ಅಳಸಬ್ಯಾಡವ್ವ,” ಎಂದೆ. “ಹದಿನೈದು ದಿನದ ಹಿಂದ ನಾ ಮಾಡಬೇಕಾಗಿದ್ದ ಕೆಲಸ ಅದು.”