ಹಳೇ ಬೋರ್ಡಿನ ಅಕ್ಕ

ಮೇಜಿನ ಸ್ವಿಚ್ಚು ಹಾಕಿದ ಕೂಡಲೇ ಅಕ್ಕನ ಎಡಗೈ ಬೆನ್ನ ಹಿಂದೆ ಹೋಗಿಬಿಡುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ಆ ಕೈ ಅಲ್ಲೇ ಇರುತ್ತಿತ್ತು, ಸ್ವಿಚ್ಚು ಆರಿಸುವ ತನಕ. ಬಲಗೈಯೊಂದರಲ್ಲೇ ಮೀಟರಿನ ಕೆಂಪು ಕಡ್ಡಿ ಹಿಡಿದು ಸರ್ಕ್ಯೂಟ್ ಬೋರ್ಡಿನ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಮುಟ್ಟಿಸುವರು. ಆ ಕೈಯ ಬೆರಳ ತುದಿಗಳಲ್ಲಿ ಬೆಸುಗೆ ಸುಟ್ಟ ಕಲೆಗಳು ಸಾಸಿವೆ ಕಾಳಿನಷ್ಟು ಗಾತ್ರದಲ್ಲಿ ಕೂತಿದ್ದವು. ಹೊಸದಾಗಿ ಸೇರಿದ ನಾನು ಅವರ ಎಡಗೈಗೇನೋ ಊನವಿದೆ ಎಂದುಕೊಂಡಿದ್ದೆ. ಮೂರನೆಯ ದಿನ ನಾನು ಎರಡೂ ಕೈಯನ್ನು ಬೋರ್ಡಿನ ಮೇಲೆ ಇಟ್ಟಾಗ ಮಣಿಕಟ್ಟಿಗೆ ಪಟ್ಟನೆ ಒಂದು ಏಟು ಬಿತ್ತು, ಅದೇ ಎಡಗೈಯಿಂದ.

"ಒಂದು ಕೈ ಆದ್ರೆ ಕೈ ಸುಡ್ತೈತೆ. ಎರಡೂ ಇಟ್ರೆ ಕರೆಂಟು ಎದೆ ದಾಟ್ಕಂಡು ಹೋಗ್ತೈತೆ. ನಿಮ್ಮ ಕಾಲೇಜಾಗೆ ಇದನ್ನ ಹೇಳ್ಕೊಡ್ಲಿಲ್ಲೇನಪ್ಪ?"

ಹೇಳಿಕೊಟ್ಟಿದ್ದರು. ಪರೀಕ್ಷೆಗೆ ಬರೆದು ಮರೆತಿದ್ದೆ.

ಹಿರಿಯೂರಿನ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುತ್ತಿದ್ದ ಸಣ್ಣ ವರ್ಕ್‌ಶಾಪ್ ಅದು. ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರುಗಳಿಗೆ ಚಾರ್ಜರ್ ಮಾಡುತ್ತಿದ್ದೆವು. ಯಜಮಾನರನ್ನು ಬಿಟ್ಟರೆ ಏಳು ಜನ. ರಾಮಗಿರಿಯಿಂದ ಡಿಪ್ಲೊಮಾ ಸರ್ಟಿಫಿಕೇಟು ಹಿಡಿದುಕೊಂಡು ಬಂದ ನಾನು ಅವರಲ್ಲಿ ಹೆಚ್ಚು ಓದಿದವನು, ಅದರ ಗತ್ತೂ ನನಗೆ ಸಾಕಷ್ಟು ಇತ್ತು. ಅಕ್ಕ ಓದಿದ್ದು ಏಳನೆಯ ಕ್ಲಾಸು. ಕುರಿ ಸಾಕುವವರ ಮನೆಯ ಹೆಣ್ಣುಮಗಳು, ಮದುವೆಯಾಗುವ ತನಕ ಅಪ್ಪನ ಜೊತೆ ಕುರಿ ಕಾಯ್ದವರು. ವರ್ಕ್‌ಶಾಪಿಗೆ ಕಸ ಗುಡಿಸಲು ಬಂದು, ಬೆಸುಗೆ ಕಲಿತು, ಟ್ರಾನ್ಸ್‌ಫಾರ್ಮರ್ ಸುತ್ತುವುದು ಕಲಿತು, ಕೊನೆಗೆ ಟೆಸ್ಟಿಂಗ್ ಮೇಜಿಗೆ ಬಂದು ಕೂತಿದ್ದರು. ನಾನು ಸೇರುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು.

ಚಾರ್ಜರಿನ ಒಳಗೆ ದೊಡ್ಡ ಕರೆಂಟನ್ನು ಹಿಡಿದು ಬಿಡುವ ಕೆಲಸ ಮಾಡುವುದು ಒಂದು ಸಣ್ಣ ಚಿಪ್. ಆ ಚಿಪ್ಪಿಗೂ ಕೆಲಸ ಮಾಡಲು ತನ್ನ ಪಾಲಿನ ಚೂರು ಕರೆಂಟು ಬೇಕು. ಅದನ್ನು ಒದಗಿಸುವ ಭಾಗಕ್ಕೆ ಬಯಾಸ್ ಸಪ್ಲೈ ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರಿನ ಮೇಲೆ ಅದಕ್ಕಾಗಿಯೇ ಸಣ್ಣ ತಂತಿಯ ಬೇರೆ ಒಂದು ಸುತ್ತು ಇರುತ್ತದೆ. ಅಕ್ಕ ಇದನ್ನೆಲ್ಲ ಒಂದೇ ಮಾತಿನಲ್ಲಿ ಬುತ್ತಿ ಎನ್ನುತ್ತಿದ್ದರು. "ಈ ಬೋರ್ಡು ಬುತ್ತಿ ಜಾಸ್ತಿ ತಿಂತೈತೆ, ಆ ಕಡಿಗಿಡು" ಎಂದರೆ ಚಿಪ್ ಎರಡು ಮಿಲಿಆಂಪಿಗಿಂತ ಹೆಚ್ಚು ಎಳೆಯುತ್ತಿದೆ, ಎಲ್ಲೋ ಕೆಟ್ಟಿದೆ ಎಂದು ಅರ್ಥ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ನನ್ನ ಬಾಯಲ್ಲೂ ಅದೇ ಬಂತು.

ಅವರ ಒಂದು ಪದ್ಧತಿ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಬೆಳಿಗ್ಗೆ ಬಂದವರೇ ಬಿಸ್ಕತ್ತಿನ ಹಳೇ ಡಬ್ಬಿಯೊಂದನ್ನು ತೆಗೆಯುವರು. ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಹಳೇ ಬೋರ್ಡು. ಎಷ್ಟೋ ವರ್ಷದ ಹಿಂದೆ ಅಕ್ಕ ಕೈಯಾರೆ ಟ್ರಾನ್ಸ್‌ಫಾರ್ಮರ್ ಸುತ್ತಿ ಮಾಡಿದ್ದು, ಮಾರದೆ ಉಳಿಸಿಕೊಂಡದ್ದು. ಅದನ್ನು ಮೊದಲು ಜಿಗ್ಗಿಗೆ ಹಾಕಿ ಒತ್ತುವರು. ಜಿಗ್ ಎಂದರೆ ಸಾಲಾಗಿ ಸ್ಪ್ರಿಂಗ್ ಪಿನ್ನುಗಳನ್ನು ನೆಟ್ಟ ಒಂದು ಹಲಗೆ. ಬೋರ್ಡನ್ನು ಅದರ ಮೇಲೆ ಒತ್ತಿದರೆ ತಂತಿ ಕಟ್ಟುವ ಗೋಜಿಲ್ಲದೆ ಮೀಟರು ಲೆಕ್ಕ ತೋರಿಸುತ್ತದೆ. ಹಳೇ ಬೋರ್ಡು ಎರಡು ತೋರಿಸಿದ ಮೇಲೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಎಂದು ಬರೆಯುವರು. ಆಮೇಲೆಯೇ ದಿನದ ಕೆಲಸ.

"ದಿನಾ ಅದೇ ಎರಡು ಬರುತ್ತೆ ಅಂತ ಗೊತ್ತಿದ್ದೂ ಯಾಕಕ್ಕಾ ಹಾಕ್ತೀರ?" ಎಂದು ಒಮ್ಮೆ ಕೇಳಿದೆ.

"ನಮ್ಮಪ್ಪ ಕುರಿಗೆ ರೋಗ ಬಂದ್ರೆ ಮೊದ್ಲು ಚೆನ್ನಾಗಿರೋ ಕುರಿ ಬಾಯಿ ತೆಗ್ದು ನೋಡ್ತಿದ್ದ. ಚೆನ್ನಾಗಿರೋದು ಹೆಂಗಿರ್ತೈತೆ ಅಂತ ಗೊತ್ತಿಲ್ದೆ ಕೆಟ್ಟಿರೋದನ್ನ ಹೆಂಗಪ್ಪ ಹೇಳ್ತೀಯ?"

ನಾನು ತಲೆಯಾಡಿಸಿದೆ. ಒಪ್ಪಿ ಅಲ್ಲ, ಮಾತು ಮುಗಿಯಲಿ ಎಂದು.

ಆ ವರ್ಷ ಮಹಾನವಮಿಗೆ ಮುಂಚೆ ಅಕ್ಕ ಮಗಳ ಬಾಣಂತನಕ್ಕೆಂದು ಹೊಸದುರ್ಗಕ್ಕೆ ಹೋದರು. ಟೆಸ್ಟಿಂಗ್ ಮೇಜು ನನ್ನ ಪಾಲಿಗೆ ಬಂತು. ನನ್ನ ಹಿಗ್ಗು ಕೇಳಬೇಡಿ. ಆಯುಧಪೂಜೆಯ ದಿನ ಯಜಮಾನರು "ಮಿಷನ್ನಿಗೆಲ್ಲ ಪೂಜೆ ಮಾಡಪ್ಪ" ಎಂದದ್ದೇ ತಡ, ನಾನು ಸ್ನಾನ ಮಾಡಿ ಬಂದು ಒಂದನ್ನೂ ಬಿಡದೆ ಪೂಜಿಸಿದೆ. ಡ್ರಿಲ್ಲು, ಸುತ್ತುವ ಯಂತ್ರ, ಬೆಸುಗೆಯ ಕಡ್ಡಿ, ತಕ್ಕಡಿ. ಈಗ ಅದು ನನ್ನ ಮೇಜು ಎಂಬ ಅಭಿಮಾನಕ್ಕೆ ಜಿಗ್ಗಿಗೆ ಸ್ವಲ್ಪ ಹೆಚ್ಚೇ ಸೇವೆ ಸಂದಿತು. ತೆಂಗಿನಕಾಯಿ ಒಡೆದು ನೀರು ಚಿಮುಕಿಸಿ, ಆ ಒದ್ದೆಯ ಮೇಲೇ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ದಪ್ಪಗೆ ಕುಂಕುಮ ಇಟ್ಟೆ. ಪೂಜೆಯ ಗುರುತನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ತಾನಾಗಿ ಮಾಸಿ ಹೋಗಬೇಕು.

ಹಬ್ಬ ಕಳೆದು ಕೆಲಸ ಶುರುವಾದ ಮೇಲೆ ಬೋರ್ಡುಗಳು ಹುಚ್ಚುಹುಚ್ಚಾಗಿ ಆಡತೊಡಗಿದವು. ಒಂದು ಎರಡೂಕಾಲು ತೋರಿಸಿದರೆ ಇನ್ನೊಂದು ಮೂರು. ಬೆಳಿಗ್ಗೆ ಮೂರು ತೋರಿಸಿದ್ದೇ ಬಿಸಿಲೇರಿದ ಮೇಲೆ ಎರಡೂಕಾಲಿಗೆ ಇಳಿಯುತ್ತಿತ್ತು. ಮಾರನೆಯ ದಿನ ತುಂತುರು ಮಳೆ ಹಿಡಿದರೆ ಮತ್ತೆ ಮೂರು. ಚಿಪ್ ಬದಲಾಯಿಸಿದೆ, ಕೆಪಾಸಿಟರ್ ಬದಲಾಯಿಸಿದೆ. ಏನೂ ಪ್ರಯೋಜನವಾಗಲಿಲ್ಲ. ತಿರಸ್ಕರಿಸಿದ ಬೋರ್ಡುಗಳು ಮೇಜಿನ ಪಕ್ಕ ಮೊಣಕಾಲೆತ್ತರ ಬೆಳೆದವು. ಹಳೇ ಬೋರ್ಡಿನ ಡಬ್ಬಿಯನ್ನು ಮಾತ್ರ ನಾನು ಒಂದು ದಿನವೂ ಮುಟ್ಟಲಿಲ್ಲ.

ಯಜಮಾನರು ಕಾರಣ ಕೇಳಿದರು. ಓದಿದವನಲ್ಲವೇ, ಗೊತ್ತಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ. ಬುತ್ತಿ ಬರುವುದು ಟ್ರಾನ್ಸ್‌ಫಾರ್ಮರಿನ ಸಣ್ಣ ಸುತ್ತಿನಿಂದ, ಹಾಗಾಗಿ ಸುತ್ತುವುದರಲ್ಲೇ ದೋಷ ಎಂದು ಒಂದು ಹಾಳೆಯಲ್ಲಿ ಚೆಂದವಾಗಿ ಬರೆದುಕೊಟ್ಟೆ.

ಟ್ರಾನ್ಸ್‌ಫಾರ್ಮರ್ ಸುತ್ತುತ್ತಿದ್ದವಳು ಬಬ್ಬೂರಿನವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳ ತಾಯಿ ಅಲ್ಲಿಯ ಕೃಷಿ ಫಾರಂನಲ್ಲಿ ಕೂಲಿ ಮಾಡುತ್ತಿದ್ದಳು. ಬಿಸಿಲಿನ ಕೆಲಸ ಮಗಳಿಗೆ ಬೇಡ ಎಂದು ಅಕ್ಕನನ್ನು ಹಿಡಿದು ಇಲ್ಲಿಗೆ ಸೇರಿಸಿದ್ದಳು. ಯಜಮಾನರು ನನ್ನ ಹಾಳೆ ತೋರಿಸಿದಾಗ ಅವಳು ಅಳಲಿಲ್ಲ, ಜಗಳವಾಡಲಿಲ್ಲ. ರಾಶಿಯಿಂದ ಮೂರು ಬೋರ್ಡು ಎತ್ತಿಕೊಂಡು ಬಂದು, ಟ್ರಾನ್ಸ್‌ಫಾರ್ಮರ್ ಕಿತ್ತು, ನಮ್ಮೆದುರೇ ತಂತಿ ಬಿಚ್ಚುತ್ತ ಸುತ್ತು ಎಣಿಸಿದಳು. ಮೂರರಲ್ಲೂ ಎಣಿಕೆ ಸರಿ ಇತ್ತು.

"ಎಣಿಕೆ ಸರಿ ಇರಬಹುದು. ಬಿಗಿ ಸರಿ ಇಲ್ಲ" ಎಂದೆ ನಾನು.

ಇದನ್ನು ಬರೆಯುವಾಗ ಈಗಲೂ ಮೈ ಮುದುಡುತ್ತದೆ. ಬಿಚ್ಚಿದ ತಂತಿಗೆ ಬಿಗಿ ಇತ್ತೋ ಇಲ್ಲವೋ ಎಂದು ಸಾಬೀತು ಮಾಡಲು ಅವಳಿಗೆ ಯಾವ ದಾರಿಯೂ ಇರಲಿಲ್ಲ. ಯಜಮಾನರು "ಶನಿವಾರದ ತನಕ ಬಾರಮ್ಮ, ಆಮ್ಯಾಲೆ ಬ್ಯಾಡ" ಎಂದರು. ಅವಳು ತಂತಿಯ ಚೂರುಗಳನ್ನು ಆರಿಸಿಕೊಂಡು ತನ್ನ ಜಾಗಕ್ಕೆ ಹೋದಳು.

ಅಕ್ಕ ವಾಪಸು ಬಂದದ್ದು ಗುರುವಾರ ಮಧ್ಯಾಹ್ನ. ರಾಶಿ ನೋಡಿದರು, ನನ್ನ ಹಾಳೆಯ ಸುದ್ದಿ ಕೇಳಿಸಿಕೊಂಡರು, ಗೋಡೆಯ ಮೇಲೆ ಸೀಮೆಸುಣ್ಣದ ಸಾಲು ಎಲ್ಲಿಗೆ ನಿಂತಿದೆ ಎಂದೂ ನೋಡಿದರು.

"ಹಳೇದನ್ನ ಹಾಕಿ ನೋಡಿದ್ಯೇನಪ್ಪ?"

"ನೋಡಿದೀನಕ್ಕಾ. ಬರೆಯೋದು ಮರ್ತೆ" ಎಂದೆ.

ಅವರು ರಾಶಿಯ ಮೇಲಿನ ಒಂದು ಬೋರ್ಡನ್ನು ಕೈಗೆತ್ತಿಕೊಂಡರು. ಸಂಜೆಯ ಮಳೆ ಜೋರಾಗುವ ಮುಂಚೆ ನಾನು ರೂಮಿಗೆ ಹೊರಟೆ. ಅಕ್ಕ ಇನ್ನೂ ಅಲ್ಲೇ ಇದ್ದರು.

ಶುಕ್ರವಾರ ಬೆಳಿಗ್ಗೆ ಬರುವಷ್ಟರಲ್ಲಿ ಡಬ್ಬಿ ಮೇಜಿನ ಮೇಲೆ ತೆರೆದಿತ್ತು. "ನನ್ ಕಣ್ಣು ಮಂಜು ಮಂಜಾಗೈತೆ. ನೀನೇ ಹಾಕು, ನಾನು ಕುಂತ್ಕಂಡು ನೋಡ್ತೀನಿ" ಎಂದರು. ಹಳೇ ಬೋರ್ಡನ್ನು ಜಿಗ್ಗಿಗೆ ಒತ್ತಿದೆ. ಮೀಟರು ಮೂರರ ಹತ್ತಿರ ಹೋಗಿ ನಿಂತಿತು.

"ಎಷ್ಟಪ್ಪ?"

"ಮೂರು."

"ಇದನ್ನ ಸುತ್ತಿದ್ದು ಯಾರು?"

"ನೀವೇ ಅಕ್ಕಾ."

"ಹಂಗಾರೆ ನನ್ನೂ ಮನಿಗೆ ಕಳ್ಸಿಬಿಡ್ರಿ" ಎಂದು ನಕ್ಕರು. ನನಗೆ ನಗಲಾಗಲಿಲ್ಲ. "ನೋಡ್ತಿರು, ಚಾ ತರ್ತೀನಿ" ಎಂದು ಎದ್ದು ಹೋದರು.

ಮೇಜಿನ ಹತ್ತಿರ ಒಬ್ಬನೇ ಉಳಿದೆ. ಬಬ್ಬೂರಿನವಳ ಸುತ್ತೇ ಇಲ್ಲದ ಬೋರ್ಡಿನಲ್ಲೂ ಅದೇ ರೋಗ ಎಂದ ಮೇಲೆ ರೋಗ ಸುತ್ತಿನದಲ್ಲ. ಚಿಪ್ಪೂ ಬೇರೆ, ಕೆಪಾಸಿಟರೂ ಬೇರೆ. ಎಲ್ಲ ಬೋರ್ಡಿಗೂ ಒಂದೇ ಆಗಿ ಉಳಿದದ್ದು ಏನು? ಹಳೇ ಬೋರ್ಡನ್ನು ತೆಗೆದೆ. ಏನೂ ಇಲ್ಲದ ಖಾಲಿ ಜಿಗ್ಗನ್ನು ಒತ್ತಿ ಸ್ವಿಚ್ಚು ಹಾಕಿದೆ. ಸೊನ್ನೆ ತೋರಿಸಬೇಕಾದ ಮೀಟರು ಒಂದರ ಹತ್ತಿರ ತೋರಿಸಿತು. ಬೋರ್ಡೇ ಇಲ್ಲ, ಬುತ್ತಿ ತಿನ್ನುವವರು ಯಾರು?

ಸ್ವಿಚ್ಚು ಆರಿಸಿ ಬಗ್ಗಿ ನೋಡಿದೆ. ಬೋರ್ಡಿಗೆ ದೊಡ್ಡ ಕರೆಂಟು ಕೊಡುವ ಮುನ್ನೂರು ವೋಲ್ಟಿನ ಪಿನ್ನಿಗೂ ಮೀಟರಿನ ಪಿನ್ನಿಗೂ ನಡುವೆ ನಾನೇ ಎಳೆದ ವಿಭೂತಿ, ನಾನೇ ಇಟ್ಟ ಕುಂಕುಮ, ಕಾಯಿನೀರಿನ ಅಂಟಿನಲ್ಲಿ ಗಟ್ಟಿಯಾಗಿ ಕೂತಿತ್ತು. ಗಾಳಿಯಲ್ಲಿ ತೇವವಿದ್ದಾಗ ಆ ಪಟ್ಟಿ ನೆನೆದು ಅಲ್ಲಿಂದ ಇಲ್ಲಿಗೆ ಚೂರು ಕರೆಂಟನ್ನು ದಾಟಿಸುತ್ತಿತ್ತು, ಒಣಗಿದಾಗ ಬಿಡುತ್ತಿತ್ತು. ಚಿಪ್ಪು ಯಾವತ್ತಿನಂತೆ ಎರಡೇ ಎಳೆಯುತ್ತಿತ್ತು. ಮೇಲಿನ ಒಂದು ನನ್ನ ಪೂಜೆಯದು.

ಸ್ಪಿರಿಟ್ಟಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿದೆ. ಒಣಗಲು ಬಿಟ್ಟು ಮತ್ತೆ ಒತ್ತಿದೆ. ಸೊನ್ನೆ. ಹಳೇ ಬೋರ್ಡು ಹಾಕಿದೆ. ಎರಡು. ರಾಶಿಯಿಂದ ನಾಲ್ಕು ಬೋರ್ಡು ಹಾಕಿದೆ. ಎರಡು, ಎರಡು, ಎರಡು, ಎರಡು.

ಆಮೇಲೆ ನಾನು ಆ ಕೆಂಪಾದ ಬಟ್ಟೆ ಹಿಡಿದುಕೊಂಡು ನಿಂತೆ. ಯಜಮಾನರು ಇನ್ನೂ ಬಂದಿರಲಿಲ್ಲ. ಬಟ್ಟೆ ಬಿಸಾಡಿ, ಬೋರ್ಡುಗಳೆಲ್ಲ ಈಗ ಸರಿಹೋದವು, ಮಳೆಯ ತೇವವಿತ್ತು ಎಂದರೆ ಮುಗಿಯಿತು. ಅವಳ ಕೆಲಸವೂ ಉಳಿಯಬಹುದು. ಉಳಿಯದಿದ್ದರೆ? ಮೊದಲ ಬ್ಯಾಚಿನಲ್ಲಿ ಏನೋ ಎಡವಟ್ಟು ಮಾಡಿದ್ದಳು, ಆಮೇಲೆ ಬಿಗಿ ಮಾಡಿದಳು ಎಂದು ಯಜಮಾನರು ತಾವೇ ಅಂದುಕೊಳ್ಳುತ್ತಾರೆ, ನಾನು ಬಾಯಿ ಬಿಡುವುದೂ ಬೇಡ. ಸುಳ್ಳು ಹೇಳುತ್ತೇನೆಂದು ತೀರ್ಮಾನಿಸಿದೆ ಎನ್ನಲಾರೆ. ನಿಜ ಹೇಳುತ್ತೇನೆಂದೂ ತೀರ್ಮಾನಿಸಿರಲಿಲ್ಲ. ತಿರುಗಿದರೆ ಬಾಗಿಲಲ್ಲಿ ಅಕ್ಕ ಚಾ ಲೋಟ ಹಿಡಿದು ನಿಂತಿದ್ದರು. ಎಡಗೈ ಬೆನ್ನ ಹಿಂದೆ ಇತ್ತು, ಕರೆಂಟಿನ ಹತ್ತಿರ ಇಲ್ಲದಿದ್ದರೂ.

ನಾನು ಅವರನ್ನು ದಾಟಿಕೊಂಡು ಸುತ್ತುವ ಯಂತ್ರದ ಹತ್ತಿರ ಹೋಗಿ ಬಬ್ಬೂರಿನವಳಿಗೆ ಬಟ್ಟೆ ತೋರಿಸಿದೆ. "ತಪ್ಪು ನಿಮ್ಮದಲ್ಲ, ನಂದು. ಜಿಗ್ಗಿನ ಮೇಲೆ ಕುಂಕುಮ ಹಚ್ಚಿದ್ದು ನಾನು" ಎಂದೆ. ಯಜಮಾನರು ಬಂದಾಗ ಅವರಿಗೂ ಅದನ್ನೇ ಹೇಳಿದೆ, ನನ್ನ ಹಾಳೆಯನ್ನು ಅವರೆದುರೇ ಹರಿದೆ. ಅವರು ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಪೂಜೆ ಮಾಡು ಅಂದೋನು ನಾನೇ, ಯಾರನ್ನ ಬೈಲಿ" ಎಂದು ಗೊಣಗಿಕೊಂಡು ಒಳಗೆ ಹೋದರು. ಅವಳು ಶನಿವಾರ ಬಂದಳು, ಸೋಮವಾರವೂ ಬಂದಳು.

ಬಟ್ಟೆಯನ್ನು ನಾನು ಬಿಸಾಡಲು ಹೋದರೆ ಅಕ್ಕ ಇಸಿದುಕೊಂಡರು. ಅಂದಿನಿಂದ ಹಳೇ ಬೋರ್ಡು ಆ ಕೆಂಪು ಕಲೆಯ ಬಟ್ಟೆಯಲ್ಲೇ ಸುತ್ತಿಕೊಂಡಿತು. ಮರುವರ್ಷದ ಆಯುಧಪೂಜೆಗೆ ಅವರು ಹೂವಿನ ಸರವನ್ನು ಮೇಜಿನ ಕಾಲಿಗೆ ಕಟ್ಟಿ, ಕುಂಕುಮವನ್ನೂ ಅಲ್ಲಿಗೇ ಹಚ್ಚಿದರು. "ದೇವ್ರಿಗೆ ಮೇಜಿನ ಕಾಲು ಸಾಕಪ್ಪ. ಪಿನ್ನಿನ ತಂಟೆಗೆ ಬರಲ್ಲ ಅವನು" ಎಂದರು. ಆ ಶುಕ್ರವಾರದ ಬಗ್ಗೆ ಅವರು ನನ್ನೆದುರು ಆಡಿದ ಮಾತು ಅಷ್ಟೇ. ಗುರುವಾರ ನಾನು ಹೇಳಿದ ಸುಳ್ಳನ್ನು ಎತ್ತಲೇ ಇಲ್ಲ.

ಈಗ ಚಿತ್ರದುರ್ಗದಲ್ಲಿ ನನ್ನದೇ ಸಣ್ಣ ರಿಪೇರಿ ಅಂಗಡಿಯಿದೆ. ಎಡಗೈ ಬೆನ್ನ ಹಿಂದೆಯೇ ಇರುತ್ತದೆ. ಚೆನ್ನಾಗಿರುವುದನ್ನು ಅಳೆಯದೆ ಕೆಟ್ಟದ್ದನ್ನು ಮುಟ್ಟುವುದಿಲ್ಲ. ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂದು ಮಣ್ಣಿಗೆ ಹೋದೆ. ಅವರ ಎರಡೂ ಕೈಯನ್ನು ಎದೆಯ ಮೇಲೆ ಜೋಡಿಸಿದ್ದರು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಬಬ್ಬೂರಿನವಳೂ ಬಂದಿದ್ದಳು. ಅಕ್ಕನ ಮೇಜಿನಲ್ಲಿ ಈಗ ಕೂರುವವಳು ಅವಳೇ. ಎಲ್ಲ ಮುಗಿದ ಮೇಲೆ ಬೇವಿನ ಮರದ ಕೆಳಗೆ ಕೂತಿದ್ದಾಗ ಅವಳು ಹೇಳಿದಳು, "ಅಕ್ಕಂಗೆ ಆ ಗುರುವಾರ ಸಂಜಿಕೇ ಗೊತ್ತಿತ್ತು ಸಾರ್. ನೀವು ರೂಮಿಗೆ ಹೋದ ಮ್ಯಾಲೆ ಖಾಲಿ ಜಿಗ್ಗು ಒತ್ತಿ ನೋಡಿದ್ರು. ನಾನು ಪಕ್ಕದಾಗೇ ನಿಂತಿದ್ದೆ."

ನಾನು ಅವಳ ಕಡೆ ತಿರುಗಿದೆ.

"ಈಗ್ಲೇ ಯಜಮಾನ್ರಿಗೆ ಹೇಳ್ತೀನಿ ಅಂದೆ. ತಡಿ, ಅವ್ನ ಬಾಯಿಂದ್ಲೇ ಬರ್ಲಿ ಅಂದ್ರು. ಬರದಿದ್ರೆ ಅಂದೆ. ಬರದಿದ್ರೆ ನಿನ್ ಕೆಲ್ಸಕ್ಕೆ ನಾನಿದೀನಿ, ಆದ್ರೆ ಬರ್ತೈತೆ, ಸ್ವಲ್ಪ ತಡ ಆಗ್ಬೋದು ಅಂದ್ರು."

ತಡವಾಗಿತ್ತು. ಎಷ್ಟು ತಡ ಎಂದು ಅವಳಿಗೆ ಗೊತ್ತಿರಲಿಲ್ಲ, ನಾನು ಬಟ್ಟೆ ಹಿಡಿದು ಏನೇನು ಲೆಕ್ಕ ಹಾಕಿದ್ದೆ ಎಂದು ಯಾರಿಗೂ ಗೊತ್ತಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ. ಆ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕೈಯಲ್ಲಿದ್ದ ಲೋಟ ಆಗ ನೆನಪಿಗೆ ಬಂತು. ಚಾ ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಆರಿ, ಮೇಲೆ ಕೆನೆ ಕಟ್ಟಿತ್ತು.