ಬಾಯ್ಲರಿಗೆ ಕಟ್ಟಿದ ಚೆಂಡುಹೂವಿನ ಹಾರ

ಈ ಸಲ ನರಕ ಚತುರ್ದಶಿಯ ಬೆಳಗ್ಗೆ, ಬಚ್ಚಲ ಬಾಗಿಲಿಗೆ ಕಟ್ಟಿದ್ದ ಚೆಂಡುಹೂವೊಂದು ಬಿಸಿನೀರಿನ ಬಕೆಟ್ಟಿಗೆ ಬಿತ್ತು. ಬೆಂದ ಹೂವಿನ ವಾಸನೆ ಮೂಗಿಗೆ ಬಡಿದದ್ದೇ, ಎಣ್ಣೆ ಹಚ್ಚಿದ ತಲೆಯಲ್ಲೇ ಕೂತುಬಿಟ್ಟೆ. ನಮ್ಮ ಬಾಯ್ಲರ್ ಅಣ್ಣ ನೆನಪಾದರು…

ಆಗ ನಾವು ಯಲಹಂಕದ ಈ ಅಪಾರ್ಟ್‌ಮೆಂಟಿಗೆ ಬಂದ ಹೊಸತು. ಮನೆಗಳಿಗೆಲ್ಲ ಬಿಸಿನೀರು ಹಿಂದಿನ ಶೆಡ್ಡಿನ ಡೀಸೆಲ್ ಬಾಯ್ಲರಿನಿಂದ ಬರುತ್ತಿತ್ತು. ಆ ವರ್ಷ ಟೆರೇಸಿನ ಮೇಲೆ ಹೀಟ್ ಪಂಪ್ ಕೂರಿಸಿದರು. ಗಾಳಿಯಲ್ಲಿರುವ ಬಿಸಿಯನ್ನೇ ಹೀರಿ ಅದು ನೀರನ್ನು ಬೆಚ್ಚಗೆ ಮಾಡುತ್ತಿತ್ತು. ಚಳಿ ಹೆಚ್ಚಾದರೆ, ಎಲ್ಲರೂ ಒಟ್ಟಿಗೆ ಸ್ನಾನಕ್ಕಿಳಿದರೆ, ಮಿಕ್ಕ ಕಾವು ಬಾಯ್ಲರಿನದು. ಎರಡನ್ನೂ ನೋಡಿಕೊಳ್ಳಲು ದಾಸರಹಳ್ಳಿಯಿಂದ ಬರುತ್ತಿದ್ದವರು ಅಣ್ಣ. "ಹೀಟ್ ಪಂಪ್ ಹೊಸ ಸೊಸೆ ಕಣಕ್ಕ, ಸದ್ದಿಲ್ದೆ ಕೆಲ್ಸ ಮಾಡ್ತಾಳೆ. ಆದ್ರೆ ಹಬ್ಬಕ್ಕೆ ಅತ್ತೇನೇ ಬೇಕು," ಎನ್ನುತ್ತಿದ್ದರು.

ನೀರು ತುಂಬುವ ಹಬ್ಬಕ್ಕೆ ಪೂಜೆ ಮಾಡಲು ಹಂಡೆ ಎಲ್ಲಿತ್ತು? ಬಾಯ್ಲರಿಗೇ ಸುಣ್ಣದ ಪಟ್ಟೆ ಬಳಿದು ಕುಂಕುಮ ಇಟ್ಟೆ. "ಮೇಲ್ಗಡೆ ಆ ಸೇಫ್ಟಿ ವಾಲ್ವ್ ಮಾತ್ರ ಮುಟ್ಬೇಡಿ ಅಕ್ಕ. ಒತ್ತಡ ಜಾಸ್ತಿ ಆದ್ರೆ ಅದು ಎದ್ದು ಆವಿ ಬಿಡ್ಬೇಕು," ಎಂದು ಹೇಳಿ ಅಣ್ಣ ಮನೆಗೆ ಹೋದರು. ಹಾರ ಎಲ್ಲಿ ಕಟ್ಟಿದರೂ ಜಾರುತ್ತಿತ್ತು. ಕೊನೆಗೆ ಆ ವಾಲ್ವಿನ ಹಿಡಿಯನ್ನೂ ಕೆಳಗಿನ ಪೈಪನ್ನೂ ಸೇರಿಸಿ ಸಣ್ಣ ಕಂಬಿ ಸುತ್ತಿ ಹಾರ ಬಿಗಿದೆ. ದೇವರ ಕೆಲಸ ತಾನೇ ಅಂದುಕೊಂಡೆ…

ಮರುದಿನ ಬೆಳಗ್ಗೆ ಆರತಿ ಬೆಳಗಲು ಹೋದಾಗ, ಜಾವಕ್ಕೇ ತಾನಾಗಿ ಹೊತ್ತಿಕೊಂಡಿದ್ದ ಬಾಯ್ಲರ್ ಗಡಗಡ ನಡುಗುತ್ತಿತ್ತು. ಆಗಷ್ಟೇ ಕೆಲಸಕ್ಕೆ ಬಂದ ಅಣ್ಣ ಸದ್ದಿಗೆ ಓಡಿಬಂದು ಒತ್ತಡದ ಮೀಟರಿನ ಮುಳ್ಳು ನೋಡಿದರು, ಹಾರ ನೋಡಿದರು, ನನ್ನ ರಟ್ಟೆ ಹಿಡಿದು ಶೆಡ್ಡಿನಿಂದಾಚೆ ಎಸೆದರು. ಹಣೆ ಗೋಡೆಗೆ ಬಡಿದು ಒಡೆಯಿತು. ರಕ್ತ ಕಂಡ ನಮ್ಮ ಯಜಮಾನರು ಅಣ್ಣನ ಕತ್ತಿನ ಪಟ್ಟಿ ಹಿಡಿದೆಳೆದರು.

"ಹೆಂಗಸಿನ ಮೇಲೆ ಕೈ ಮಾಡ್ತೀಯೇನೋ?"

ಪಕ್ಕದ ಮನೆಯ ಇಬ್ಬರು ಸೇರಿಕೊಂಡರು. ನೆಲಕ್ಕೆ ಕೆಡವಿ ಒದ್ದರು. ಹಲ್ಲು ಮುರಿದು ಬಾಯಿ ತುಂಬ ರಕ್ತವಾಗಿದ್ದರೂ ಅಣ್ಣ, "ವಾಲ್ವ್ ಸಾರ್… ಸಿಡಿಯುತ್ತೆ, ಬಿಡಿ ಸಾರ್," ಎನ್ನುತ್ತಲೇ ಇದ್ದರು. ಕಂಬಿ ಕಟ್ಟಿದ್ದು ನಾನು ಎಂದು ಒಂದು ಮಾತು ಹೇಳಿದ್ದರೆ ಬಿಡುತ್ತಿದ್ದರು. ನಾನು ಹೇಳಲಿಲ್ಲ.

ಅಂಗಿ ಹರಿದರೂ ಕೊಸರಿಕೊಂಡು ಅವರು ಒಳಗೆ ಓಡಿದರು. ಉರಿ ಆರಿಸಿ, ಕಂಬಿ ಕತ್ತರಿಸಿದರು. ಆವಿ ಅರಚಿಕೊಂಡು ಅವರ ಮುಖಕ್ಕೇ ನುಗ್ಗಿತು. ಹೊರಗೆ ಬಂದಾಗ ಕೆನ್ನೆಯ ಚರ್ಮ ಜೋಲುತ್ತಿತ್ತು. ಎದೆಗೆ ಬೆಂದ ಹೂವಿನ ಎಸಳುಗಳು ಅಂಟಿದ್ದವು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು.

ಅಪಾರ್ಟ್‌ಮೆಂಟಿನ ಕಮಿಟಿಯವರು ಅಣ್ಣನದೇ ಅಜಾಗರೂಕತೆ ಎಂದು ಬರೆದು ಮುಗಿಸಿದರು. ಬಾಯ್ಲರನ್ನು ಗುಜರಿಗೆ ಹಾಕಿ ಇನ್ನೊಂದು ಹೀಟ್ ಪಂಪ್ ತಂದರು. ಕಟ್ಟಡ ಉಳಿಯಿತು, ಮಕ್ಕಳು ಉಳಿದರು, ನನ್ನ ಹಣೆಗೆ ಮೂರೇ ಹೊಲಿಗೆ… ದೇವರ ದಯೆ ಎಂದು ದಿನಾ ಕೈಮುಗಿಯುತ್ತೇನೆ. ಕಂಬಿ ಕಟ್ಟಿದ್ದು ನಾನೇ ಎಂದು ದೇವರಿಗೆ ಹೇಳಿದ್ದೇನೆ. ದಾಸರಹಳ್ಳಿಯಲ್ಲಿ ಅಣ್ಣನ ಹೆಂಡತಿ ಇದ್ದಾರೆ. ಅವರಿಗೆ ಹೇಳಿಲ್ಲ.

ಬಕೆಟ್ಟಿನ ಹೂವನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಯಜಮಾನರು ಹೊರಗಿನಿಂದ, "ನೀರು ಬಿಸಿ ಇದ್ಯೇನೇ?" ಎಂದು ಕೇಳಿದರು.

ಇದೆ ಅಂದೆ. ನೀರು ಯಾವಾಗಲೋ ಆರಿಹೋಗಿತ್ತು.