ಹೋಳಿಗೆಯ ರೆಕ್ಕೆ

"ಸ್ಪಿಟ್‌ಫೈರ್ ರೆಕ್ಕಿ ಅಂದ್ರ ಹಿಂಗ ಇರತಿತ್ತು ನೋಡ್ರಿ!" ಎಂದು ಗಂಡಿನ ಅಪ್ಪ ಶೇಂಗಾ ಹೋಳಿಗೆಯನ್ನು ಅರ್ಧಕ್ಕೆ ಮುರಿದು ನನ್ನ ಮಗನ ಮೂಗಿನ ಮುಂದೆ ಹಾರಿಸಿದರು. ಮುದ್ದೇಬಿಹಾಳದಿಂದ ನಮ್ಮ ಸಿಂದಗಿ ಮನೆಗೆ ಕನ್ಯೆ ನೋಡಲು ಬಂದವರು. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ನನ್ನ ಮಗ ಸಾಲಿ ಮಾಸ್ತರ. ಅವನಿಗೂ ಹಳೆಯ ಯುದ್ಧವಿಮಾನಗಳ ಹುಚ್ಚು.

"ಗಾಜಿನ ಬಳೆ ಇದ್ದಂಗ ಅದು! ಗಟ್ಟಿ ಅಂದ್ರ ಹರಿಕೇನ್ ರೀ," ಎಂದ.

"ಆ ಗೂನ ಬೆನ್ನಿನ ಎಮ್ಮೀನ?" ಎನ್ನುತ್ತಾ ಅವರು ಟೋಪಿ ಹಾಕಿಕೊಂಡು ಹೊರಡಲು ಎದ್ದೇಬಿಟ್ಟರು. ಮೊಮ್ಮಗಳು ಚಹಾ ಹಿಡಿದು ನಿಂತಿದ್ದಳು. ಅವಳನ್ನು ಒಬ್ಬರೂ ನೋಡಿರಲಿಲ್ಲ.

"ವಿಮಾನ ನೋಡಾಕ ಬಂದೀರೋ, ಹುಡುಗೀನೋ?" ಎಂದು ಗದರಿದೆ.

ನಾಚಿ ಕುಳಿತವರು ಅವಳನ್ನೇ ಕೇಳಿದರು: "ನೀನ ಹೇಳವಾ, ಎರಡರಾಗ ಯಾವುದು ಚಂದ?"

ಯಾವುದನ್ನು ಹೇಳಿದರೂ ಒಬ್ಬರ ಮೋರೆ ಊದುತ್ತಿತ್ತು. ಅವಳು ಮೂಲೆಯಲ್ಲಿ ಕುಳಿತ ಗಂಡಿನ ಕಡೆ ಒಮ್ಮೆ ನೋಡಿ, "ಎರಡೂ ಅಲ್ರಿ ಮಾವಾರ. ನಿಮ್ಮ ಮಗ ಚಂದ ಅದಾರ್ರಿ," ಎಂದಳು.

ಮದುವೆಯಾಯಿತು. ಬೀಗರ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಅವರು ಬಂದಾಗ ನಾನು ಹೋಳಿಗೆಯನ್ನು ಚೂರು ಚೂರು ಮಾಡಿಯೇ ಬಡಿಸುತ್ತೇನೆ.